ಅಳಿಸುವುದಕ್ಕೂ ಜಾಗ ಬೇಕು

ಕಳೆದ ತಿಂಗಳು ಒಂದು ಶುಕ್ರವಾರ ಸಂಜೆ, ಪೀಣ್ಯದ ನಮ್ಮ ಕಚೇರಿಯ ಹೊರಗೆ ಮಳೆ ಹಿಡಿದುಕೊಂಡು ಯಾರೂ ಮನೆಗೆ ಹೊರಡಲಾಗದೆ ಕುಳಿತಿದ್ದಾಗ, ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಮೇಜಿನ ಬಳಿ ಬಂದರು. ಗ್ರಾಹಕರ ಯಂತ್ರಗಳ ಮೇಲೆ ಕಣ್ಣಿಡುವ ನಮ್ಮ ನಿಗಾ ವ್ಯವಸ್ಥೆಯ ಡೇಟಾಬೇಸ್ ಇರುವ 800 ಜಿಬಿಯ ಡಿಸ್ಕ್ ಶೇ. 93ರಷ್ಟು ತುಂಬಿತ್ತು. ಅವರ ಪರದೆಯ ಮೇಲೆ ಒಂದೇ ಸಾಲಿನ ಡಿಲೀಟ್ ಆದೇಶ ಸಿದ್ಧವಾಗಿತ್ತು. ಕೊನೆಯ ಸೆಮಿಕೋಲನ್ ಕೂಡ ಬಿದ್ದಿತ್ತು, ಎಂಟರ್ ಒತ್ತುವುದೊಂದೇ ಬಾಕಿ. "ಸರ್, ತೊಂಬತ್ತು ದಿನಕ್ಕಿಂತ ಹಳೇದನ್ನೆಲ್ಲ ತೆಗೆದುಬಿಡಲಾ?" ಎಂದು ಕೇಳಿದರು. "ಮೊದಲು ಆ ಸಾಲನ್ನು ಅಳಿಸಿ, ಆಮೇಲೆ ಕೂತು ಮಾತಾಡೋಣ" ಎಂದೆ. ಅವರು ಕೇಳಿ ಒತ್ತಲು ಬಂದರಲ್ಲ, ಅದಕ್ಕೆ ನಾನು ಇಂದಿಗೂ ಕೃತಜ್ಞ.

ಆ ಆದೇಶದಲ್ಲಿ ವ್ಯಾಕರಣದ ತಪ್ಪೇನೂ ಇರಲಿಲ್ಲ. ಆದರೆ ತುಂಬಿದ ಡಿಸ್ಕಿನ ಮೇಲೆ, ಕೋಟಿಗಟ್ಟಲೆ ಸಾಲುಗಳಿರುವ ಟೇಬಲಿನ ಮೇಲೆ, ದತ್ತಾಂಶ ಬಂದು ಬೀಳುತ್ತಲೇ ಇರುವ ಹೊತ್ತಿನಲ್ಲಿ ಅದನ್ನು ಓಡಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಹಿಂದೊಮ್ಮೆ ಕಣ್ಣಾರೆ ಕಂಡಿದ್ದೆ. ಅಂದು ಸಂಜೆ ಅವರಿಗೆ ಹೇಳಿದ್ದನ್ನೂ ಮುಂದಿನ ಎರಡು ವಾರ ನಾವಿಬ್ಬರೂ ಸೇರಿ ಮಾಡಿದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ಕೆಲಸ ಮಾಡುವ ಕನ್ನಡಿಗರು ಈ ಊರಿನಲ್ಲಿ ಸಾವಿರಾರು ಜನ ಇದ್ದರೂ, ಈ ವಿಷಯವನ್ನು ನಮ್ಮ ಭಾಷೆಯಲ್ಲಿ ವಿವರವಾಗಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ನಾವು ಬಳಸುವುದು ಜ್ಯಾಬಿಕ್ಸ್ ಎಂಬ ಮುಕ್ತ ತಂತ್ರಾಂಶವನ್ನು. ಲಾಟ್ವಿಯಾದ ಅಲೆಕ್ಸೇಯ್ ವ್ಲಾದಿಶೇವ್ ಆರಂಭಿಸಿದ ಇದರ ಮೊದಲ ಸಾರ್ವಜನಿಕ ಆವೃತ್ತಿ 2001ರಲ್ಲಿ ಹೊರಬಂದಿತು. ಸರ್ವರ್‌ಗಳು, ನೆಟ್‌ವರ್ಕ್ ಸ್ವಿಚ್‌ಗಳು, ಯುಪಿಎಸ್‌ಗಳು, ಹೀಗೆ ಕೇಳಿದರೆ ಉತ್ತರ ಕೊಡುವ ಯಾವುದೇ ಯಂತ್ರವನ್ನು ಇದು ನಿಗದಿತ ಅವಧಿಗೊಮ್ಮೆ ಮಾತನಾಡಿಸಿ, ಬಂದ ಉತ್ತರವನ್ನು ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ. ಅಳೆಯುವ ಒಂದೊಂದು ಸಂಗತಿಯನ್ನೂ ಐಟಂ ಎಂದು ಕರೆಯುತ್ತಾರೆ. ಬಂದ ಮೌಲ್ಯ ದಶಮಾಂಶ ಸಂಖ್ಯೆಯೋ, ಪೂರ್ಣಾಂಕವೋ, ಚಿಕ್ಕ ಅಕ್ಷರಸಾಲೋ, ದೊಡ್ಡ ಪಠ್ಯವೋ, ಲಾಗ್ ಸಾಲೋ ಎಂಬುದರ ಮೇಲೆ ಅದು ಬೇರೆ ಬೇರೆ ಹಿಸ್ಟರಿ ಟೇಬಲ್‌ಗಳ ಪೈಕಿ ಒಂದಕ್ಕೆ ಹೋಗುತ್ತದೆ. ಸಂಖ್ಯೆಗಳಾದರೆ ಇನ್ನೊಂದು ಏರ್ಪಾಡೂ ಇದೆ: ಗಂಟೆಗೊಂದರಂತೆ ಕನಿಷ್ಠ, ಸರಾಸರಿ ಮತ್ತು ಗರಿಷ್ಠ ಮೌಲ್ಯಗಳನ್ನು ಟ್ರೆಂಡ್ಸ್ ಎಂಬ ಬೇರೆ ಟೇಬಲ್‌ಗಳಲ್ಲಿ ಸಾರರೂಪದಲ್ಲಿ ಇಡಲಾಗುತ್ತದೆ.

ಇದರ ಲೆಕ್ಕವನ್ನು ಒಮ್ಮೆಯಾದರೂ ಕಾಗದದ ಮೇಲೆ ಹಾಕಿ ನೋಡಬೇಕು. 6,000 ಐಟಂಗಳನ್ನು ನಿಮಿಷಕ್ಕೊಮ್ಮೆ ಅಳೆದರೆ ಸೆಕೆಂಡಿಗೆ 100 ಸಾಲು, ದಿನಕ್ಕೆ 86 ಲಕ್ಷ 40 ಸಾವಿರ ಸಾಲು. 90 ದಿನ ಇಟ್ಟುಕೊಂಡರೆ 77 ಕೋಟಿ 76 ಲಕ್ಷ. ಒಂದು ಸಂಖ್ಯೆಯ ಸಾಲಿಗೆ ಸುಮಾರು 90 ಬೈಟ್ ಎಂದು ಹಿಡಿದರೆ 70 ಜಿಬಿ ಆಗುತ್ತದೆ. ಅದೇ 6,000 ಐಟಂಗಳ ಟ್ರೆಂಡ್ಸ್ ದಿನಕ್ಕೆ ಕೇವಲ 1 ಲಕ್ಷ 44 ಸಾವಿರ ಸಾಲು. ಇಡೀ ವರ್ಷಕ್ಕೆ 5 ಕೋಟಿ 26 ಲಕ್ಷದಷ್ಟು, ಅಂದರೆ 5 ಜಿಬಿಗೂ ಕಡಿಮೆ. ಮೂರು ತಿಂಗಳ ಬಿಡಿ ವಿವರ 70 ಜಿಬಿ, ಒಂದು ವರ್ಷದ ಸಾರ 5 ಜಿಬಿ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ಮಾತುಕತೆಯೆಲ್ಲ ಈ ಎರಡು ಸಂಖ್ಯೆಗಳ ನಡುವೆಯೇ ನಡೆಯಬೇಕಾದದ್ದು.

ನಮ್ಮ ಡಿಸ್ಕ್ ತುಂಬಿದ್ದಕ್ಕೆ ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಾರ್ಖಾನೆಗಳ ಸ್ವಿಚ್‌ಗಳಿಗೆಂದು ಹಿಂದೆ ಯಾರೋ ಮಾಡಿಟ್ಟ ಟೆಂಪ್ಲೇಟ್ ಒಂದರಲ್ಲಿ, ಅಂದರೆ ಏನನ್ನು ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕೆಂಬ ಸಿದ್ಧ ಪಟ್ಟಿಯಲ್ಲಿ, ಪ್ರತಿ ಪೋರ್ಟಿನ ಒಳಹರಿವು ಮತ್ತು ಹೊರಹರಿವುಗಳನ್ನು 10 ಸೆಕೆಂಡಿಗೊಮ್ಮೆ ಅಳೆದು 365 ದಿನ ಇಡುವಂತೆ ಬರೆದಿತ್ತು. 48 ಪೋರ್ಟಿನ ಒಂದೇ ಒಂದು ಸ್ವಿಚ್ ಇದರಿಂದ ದಿನಕ್ಕೆ 8 ಲಕ್ಷ 29 ಸಾವಿರ ಸಾಲುಗಳನ್ನು ಸೇರಿಸುತ್ತದೆ. ಯಾವುದೋ ತೊಂದರೆಯನ್ನು ಪತ್ತೆ ಹಚ್ಚಲು ಅವರು ಒಂದು ವಾರದ ಮಟ್ಟಿಗೆ ಹಾಗೆ ಮಾಡಿದ್ದಿರಬೇಕು. ಆ ವಾರ ಮುಗಿದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸಲು ಯಾರಿಗೂ ನೆನಪಾಗಿಲ್ಲ.

ನಮ್ಮ ಸಹೋದ್ಯೋಗಿ ಇದನ್ನು ಎರಡು ವಾರಗಳ ಹಿಂದೆಯೇ ಕಂಡುಹಿಡಿದು, 365 ಇದ್ದದ್ದನ್ನು 90ಕ್ಕೆ ಇಳಿಸಿದ್ದರು. ಜ್ಯಾಬಿಕ್ಸ್‌ನಲ್ಲಿ ಹೌಸ್‌ಕೀಪರ್ ಎಂಬ ಪ್ರಕ್ರಿಯೆ ಗಂಟೆಗೊಮ್ಮೆ ಎದ್ದು, ಅವಧಿ ಮೀರಿದ ಸಾಲುಗಳನ್ನು ತಾನೇ ತೆಗೆಯುತ್ತದೆ. ಆದರೂ ಎರಡು ವಾರದಲ್ಲಿ ಡಿಸ್ಕ್ ಒಂದಿಷ್ಟೂ ಇಳಿಯದಿದ್ದಾಗ ಅವರಿಗೆ ಸಹಜವಾಗಿಯೇ ಹೌಸ್‌ಕೀಪರ್ ಕೆಟ್ಟಿದೆ ಎನಿಸಿತು. ಆ ಡಿಲೀಟ್ ಆದೇಶ ಹುಟ್ಟಿದ್ದು ಹಾಗೆ. ವಾಸ್ತವವಾಗಿ ಹೌಸ್‌ಕೀಪರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅವಧಿಯನ್ನು ಯಾರಾದರೂ ಒಮ್ಮೆಲೇ ಇಳಿಸಿದರೆ ಡೇಟಾಬೇಸ್ ಕುಸಿಯಬಾರದು ಎಂದು, ಒಂದು ಸುತ್ತಿನಲ್ಲಿ ಪ್ರತಿ ಐಟಂನ ಅತಿ ಹಳೆಯ ತುದಿಯಿಂದ, ಸುತ್ತಿನ ಅಂತರದ ನಾಲ್ಕು ಪಟ್ಟು ಅವಧಿಯ ದತ್ತಾಂಶವನ್ನಷ್ಟೇ ತೆಗೆಯುವಂತೆ ಅದನ್ನು ಬರೆದಿದ್ದಾರೆ. ಗಂಟೆಗೊಂದು ಸುತ್ತಾದರೆ ನಾಲ್ಕು ಗಂಟೆಯಷ್ಟು ಹಳೆಯ ದತ್ತಾಂಶ ಹೋಗುತ್ತದೆ. ಅಷ್ಟರಲ್ಲಿ ಇನ್ನೊಂದು ಗಂಟೆಯಷ್ಟಕ್ಕೆ ಅವಧಿ ಮೀರಿರುತ್ತದೆ. ನಿವ್ವಳವಾಗಿ ಕಡಿಮೆಯಾಗುವುದು ಮೂರು ಗಂಟೆಯಷ್ಟು. 275 ದಿನಗಳ ಹೆಚ್ಚುವರಿ ದತ್ತಾಂಶವೆಂದರೆ 6,600 ಗಂಟೆ. ಮೂರರಿಂದ ಭಾಗಿಸಿದರೆ 2,200 ಗಂಟೆ, ಅಂದರೆ 92 ದಿನ. ಡಿಸ್ಕಿನಲ್ಲಿ ಸಾಕಷ್ಟು ಜಾಗವಿದ್ದು ಮೂರು ತಿಂಗಳು ಕಾಯುವ ತಾಳ್ಮೆಯಿದ್ದವರಿಗೆ ಇದಕ್ಕಿಂತ ಸುರಕ್ಷಿತವಾದ ದಾರಿ ಇಲ್ಲವೆಂದೇ ನನ್ನ ಅಭಿಪ್ರಾಯ. ಆ ಮಿತಿಯನ್ನು ಯೋಚಿಸಿ ಇಟ್ಟವರ ಮೇಲೆ ನನಗೆ ಬಹಳ ಗೌರವವಿದೆ. ನಮಗೆ ಮಾತ್ರ ಅಷ್ಟು ಸಮಯವಿರಲಿಲ್ಲ.

ಇನ್ನು ನಾನು ಕಂಡ ಹಳೆಯ ಅವಘಡದ ಮಾತು. ಹಲವು ವರ್ಷಗಳ ಹಿಂದೆ ಬೇರೊಂದು ಕಂಪನಿಯಲ್ಲಿದ್ದಾಗ, ಜ್ಯಾಬಿಕ್ಸ್‌ನ ದತ್ತಾಂಶವನ್ನು ಇಡುವ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ 5.6 ಆವೃತ್ತಿಯ ಕಾಲದಲ್ಲಿ, ಇಂಥದೇ ಒಂದು ಸಂಜೆ, ಪೂರ್ಣಾಂಕಗಳ ಹಿಸ್ಟರಿ ಟೇಬಲಿನ ಮೇಲೆ ನಾನೇ ಇಂಥದೇ ಆದೇಶವನ್ನು ಓಡಿಸಿದ್ದೆ. ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ. ಕರ್ಸರ್ ಮಿನುಗುತ್ತಿತ್ತು ಅಷ್ಟೆ. ಆಮೇಲೆ ಇನ್ನೊಂದು ಕಿಟಕಿಯಲ್ಲಿ ಡಿಸ್ಕಿನ ಲೆಕ್ಕ ನೋಡಿದರೆ, ಜಾಗ ಹೆಚ್ಚಾಗುವ ಬದಲು ಕಡಿಮೆಯಾಗುತ್ತಿತ್ತು. ಶೇ. 94, 95, 96. ಗಾಬರಿಯಾಗಿ ಆದೇಶವನ್ನು ನಡುವೆಯೇ ನಿಲ್ಲಿಸಿದೆ. ನಿಲ್ಲಿಸಿದ ಕ್ಷಣದಿಂದ ನಿಜವಾದ ಕಷ್ಟ ಆರಂಭವಾಯಿತು. ಅಲ್ಲಿಯವರೆಗೆ ಅಳಿಸಿದ್ದ ಪ್ರತಿಯೊಂದು ಸಾಲನ್ನೂ ಡೇಟಾಬೇಸ್ ಮತ್ತೆ ಸ್ವಸ್ಥಾನಕ್ಕೆ ತರತೊಡಗಿತು. ಆ ರೋಲ್‌ಬ್ಯಾಕ್ ಅಳಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಸಮಯ ತೆಗೆದುಕೊಂಡು ಬೆಳಗಿನ ಜಾವದವರೆಗೂ ನಡೆಯಿತು. ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಅಪೂರ್ಣವಾದ ವಹಿವಾಟನ್ನು ಹಿಂತಿರುಗಿಸುವ ಕೆಲಸ ಮರು ಆರಂಭದ ನಂತರವೂ ಮುಂದುವರಿಯುತ್ತದೆ. ಅಷ್ಟೂ ಹೊತ್ತು ಹೊಸ ಮೌಲ್ಯಗಳು ಟೇಬಲಿಗೆ ಸೇರಲಾಗದೆ ಜ್ಯಾಬಿಕ್ಸ್‌ನ ಸ್ಮರಣೆಯಲ್ಲಿ ಗುಂಪುಗೂಡಿ, ಅಲ್ಲೂ ಜಾಗ ಮುಗಿದು, ಇಡೀ ರಾತ್ರಿ ನಮ್ಮ ಯಾವ ಗ್ರಾಹಕರ ಯಾವ ಯಂತ್ರ ನಿಂತಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ. ಊರನ್ನು ಕಾಯಲು ನಿಲ್ಲಿಸಿದವನ ಕಣ್ಣಿಗೇ ನಾನು ಬಟ್ಟೆ ಕಟ್ಟಿದ್ದೆ. ಆ ರಾತ್ರಿ ಯಾವ ಯಂತ್ರವೂ ನಿಲ್ಲಲಿಲ್ಲ ಎಂಬುದು ಅದೃಷ್ಟ.

ಅಳಿಸುವಾಗ ಜಾಗ ಏಕೆ ಕಡಿಮೆಯಾಗುತ್ತದೆ? ಮೈಎಸ್‌ಕ್ಯೂಎಲ್ ಒಳಗಿನ ಇನ್ನೋಡಿಬಿ ಎಂಬ ಸಂಗ್ರಹ ವ್ಯವಸ್ಥೆಯಲ್ಲಿ ಒಂದು ಸಾಲನ್ನು ಅಳಿಸಿದಾಗ ಅದು ಕೂಡಲೇ ಮಾಯವಾಗುವುದಿಲ್ಲ. ಅಳಿಸಲಾಗಿದೆ ಎಂಬ ಗುರುತು ಮಾತ್ರ ಅದಕ್ಕೆ ಬೀಳುತ್ತದೆ, ಮತ್ತು ಬೇಕಾದರೆ ಹಿಂದಕ್ಕೆ ತರಲು ಅನುಕೂಲವಾಗುವಂತೆ ಅಂಡೂ ಲಾಗ್‌ನಲ್ಲಿ ಅದರ ದಾಖಲೆ ಸೇರುತ್ತದೆ. 5.6ರಲ್ಲಿ ಆ ಅಂಡೂ ಲಾಗ್ ಸಾಮಾನ್ಯವಾಗಿ ಇರುತ್ತಿದ್ದದ್ದು ಎಲ್ಲರಿಗೂ ಸೇರಿದ ಒಂದೇ ಕಡತದಲ್ಲಿ. ಒಮ್ಮೆ ಉಬ್ಬಿದ ಆ ಕಡತ ಮತ್ತೆ ಚಿಕ್ಕದಾಗುವುದಿಲ್ಲ. ನಾವು ಈಗ ಬಳಸುವ 8.0ರಲ್ಲಿ ಅಂಡೂ ಬೇರೆ ಕಡತಗಳಲ್ಲಿದ್ದು, ತಾನಾಗಿ ಕುಗ್ಗುವ ಅವಕಾಶವಿದೆ. ಆದರೆ ಅಲ್ಲೂ ಅಳಿಸುವ ಹೊತ್ತಿಗೆ ಜಾಗ ಬೇಕೇ ಬೇಕು. ಇದರ ಜೊತೆಗೆ, 8.0ರಲ್ಲಿ ಬದಲಾವಣೆಗಳನ್ನೆಲ್ಲ ದಾಖಲಿಸುವ ಬೈನರಿ ಲಾಗ್ ಮೂಲತಃ ಚಾಲ್ತಿಯಲ್ಲೇ ಇರುತ್ತದೆ, ಮತ್ತು ಅಳಿಸಿದ ಪ್ರತಿ ಸಾಲಿನ ಪ್ರತಿಯೂ ಅದರೊಳಗೆ ಬರೆಯಲ್ಪಡುತ್ತದೆ. ಕೆರೆಯ ಹೂಳೆತ್ತಲು ಹೊರಟವರು ಎತ್ತಿದ ಹೂಳನ್ನು ಎಲ್ಲಿ ಸುರಿಯಬೇಕೆಂದು ಮೊದಲೇ ನೋಡಿಕೊಳ್ಳದಿದ್ದರೆ ಅದು ದಂಡೆಯ ಮೇಲೇ ರಾಶಿ ಬಿದ್ದು, ಮುಂದಿನ ಮಳೆಗೆ ಮತ್ತೆ ಕೆರೆಗೇ ಇಳಿಯುತ್ತದೆ. ಇಲ್ಲಿಯೂ ಹಾಗೆಯೇ.

ಇನ್ನೊಂದು ಕಾರಣ ಸೂಚಿಯದು, ಅಂದರೆ ಇಂಡೆಕ್ಸಿನದು. ಹಿಸ್ಟರಿ ಟೇಬಲ್‌ಗಳ ಸೂಚಿ ಮೊದಲು ಐಟಂ ಐಡಿ, ನಂತರ ಕ್ಲಾಕ್ (ಅಳೆದ ಸಮಯ) ಎಂಬ ಕ್ರಮದಲ್ಲಿದೆ. ಗ್ರಾಫ್ ತೋರಿಸಲು ಅದು ಅತ್ಯುತ್ತಮವಾದ ಕ್ರಮ. ಆದರೆ ಇಂಥ ದಿನಾಂಕಕ್ಕಿಂತ ಹಳೆಯದು ಎಂಬ ಒಂದೇ ಷರತ್ತನ್ನು ಕೊಟ್ಟರೆ ಆ ಸೂಚಿ ಉಪಯೋಗಕ್ಕೆ ಬರುವುದಿಲ್ಲ. ಡೇಟಾಬೇಸ್ ಇಡೀ ಟೇಬಲನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾಗುತ್ತದೆ. ದೂರವಾಣಿ ಪುಸ್ತಕದಲ್ಲಿ ಜಯನಗರದವರನ್ನೆಲ್ಲ ಹುಡುಕಬೇಕೆಂದರೆ, ಹೆಸರಿನ ಅಕಾರಾದಿ ಕ್ರಮ ಎಷ್ಟೇ ಅಚ್ಚುಕಟ್ಟಾಗಿದ್ದರೂ ಪುಟಪುಟವನ್ನೂ ತಿರುವಿಹಾಕುವುದು ತಪ್ಪುವುದಿಲ್ಲವಲ್ಲ, ಹಾಗೆ. ಐಟಂ ಐಡಿಯನ್ನೂ ಕ್ಲಾಕನ್ನೂ ಎರಡನ್ನೂ ಕೊಟ್ಟು, ಒಂದೊಂದೇ ಐಟಂ ಹಿಡಿದುಕೊಂಡು ಅಳಿಸಿದರೆ ಮಾತ್ರ ಸೂಚಿ ನೆರವಾಗುತ್ತದೆ. ಹೌಸ್‌ಕೀಪರ್ ಮಾಡುವುದೂ ಹಾಗೆಯೇ.

ಆ ಶುಕ್ರವಾರ ನಾವು ಯಾವ ದತ್ತಾಂಶವನ್ನೂ ಅಳಿಸಲಿಲ್ಲ. ಮೊದಲು ಉಸಿರಾಡಲು ಜಾಗ ಮಾಡಿಕೊಂಡೆವು. ಬೈನರಿ ಲಾಗ್‌ಗಳನ್ನು 30 ದಿನ ಇಡುವುದು 8.0ರ ಮೂಲ ಏರ್ಪಾಡು. ಆ ಲಾಗ್‌ಗಳನ್ನು ಓದಿ ಡೇಟಾಬೇಸಿನ ಇನ್ನೊಂದು ಪ್ರತಿಯನ್ನು ಇಟ್ಟುಕೊಳ್ಳುವ ನಮ್ಮ ಪ್ರತಿರೂಪ ಸರ್ವರ್ ಎಲ್ಲಿಯವರೆಗೆ ಓದಿಕೊಂಡಿದೆ ಎಂಬುದನ್ನು ಖಚಿತಪಡಿಸಿಕೊಂಡು, ಏಳು ದಿನಕ್ಕಿಂತ ಹಳೆಯ ಬೈನರಿ ಲಾಗ್‌ಗಳನ್ನು ಪರ್ಜ್ ಆದೇಶದಿಂದ ತೆಗೆದಾಗ 38 ಜಿಬಿ ದೊರೆಯಿತು. ಆ ಕಡತಗಳನ್ನು ನೇರವಾಗಿ ಡೈರೆಕ್ಟರಿಯಿಂದ ಕೈಯಾರೆ ತೆಗೆದುಹಾಕುವವರನ್ನು ನೋಡಿದ್ದೇನೆ. ಡೇಟಾಬೇಸ್ ತನ್ನ ಪಟ್ಟಿಯಲ್ಲಿ ಅವು ಇನ್ನೂ ಇವೆ ಎಂದೇ ನಂಬಿಕೊಂಡಿರುವುದರಿಂದ ಅದು ಮುಂದೆ ತೊಂದರೆ ಕೊಡುತ್ತದೆ. ನಂತರ ಸಂಗ್ರಹಣೆ ನೋಡಿಕೊಳ್ಳುವವರನ್ನು ಕೇಳಿ ಆ ವಾಲ್ಯೂಮಿಗೆ ತಾತ್ಕಾಲಿಕವಾಗಿ 200 ಜಿಬಿ ಸೇರಿಸಿಕೊಂಡೆವು. ಅಳಿಸಬೇಕಾದ ಹೊತ್ತಿನಲ್ಲಿ ಜಾಗ ಕೇಳುವುದು ಕೇಳುವವರಿಗೆ ವಿಚಿತ್ರವಾಗಿ ಕಾಣುತ್ತದೆ. ಅವರೂ ಹಾಗೇ ನೋಡಿದರು. ಆದರೂ ಕೊಟ್ಟರು. ಟೆಂಪ್ಲೇಟಿನಲ್ಲಿದ್ದ 10 ಸೆಕೆಂಡನ್ನು 60 ಸೆಕೆಂಡಿಗೆ ಏರಿಸಿದೆವು. ಸ್ವಿಚ್‌ನ ಮಾದರಿಯ ಹೆಸರು, ಪೋರ್ಟಿನ ಸ್ಥಿತಿ ಮುಂತಾದ, ಸದಾ ಒಂದೇ ಆಗಿರುವ ಮೌಲ್ಯಗಳು ಬದಲಾದಾಗ ಮಾತ್ರ, ಇಲ್ಲವೇ ಗಂಟೆಗೊಮ್ಮೆ, ದಾಖಲಾಗುವಂತೆ ಮಾಡಿದೆವು. ಮಳೆ ನಿಂತಿತ್ತು, ಎಂಟೂವರೆಗೆ ಮನೆಗೆ ಹೊರಟೆವು.

ಸೋಮವಾರದಿಂದ ಶುರುವಾದದ್ದು ನನ್ನ ಪ್ರಕಾರ ಈ ಕೆಲಸದ ಅತಿ ಮುಖ್ಯ ಭಾಗ, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಭಾಗ: ಏನನ್ನು ಅಳಿಸಬಹುದು ಎಂದು ಆ ದತ್ತಾಂಶವನ್ನು ಬಳಸುವವರನ್ನೇ ಕೇಳುವುದು. ಸ್ವಿಚ್‌ಗಳ ಪೋರ್ಟ್ ಹರಿವಿನ ಬಿಡಿ ವಿವರ ಮೂರು ತಿಂಗಳಿಗಿಂತ ಹಿಂದಿನದು ಯಾರಿಗೂ ಬೇಕಿರಲಿಲ್ಲ. ಯುಪಿಎಸ್ ನೋಡಿಕೊಳ್ಳುವವರಿಗೆ ಮಾತ್ರ ಬ್ಯಾಟರಿ ವೋಲ್ಟೇಜಿನ ಎರಡು ವರ್ಷದ ಚಿತ್ರ ಬೇಕಿತ್ತು. ಬೇಸಿಗೆಯಲ್ಲಿ ಪೀಣ್ಯದ ಕಡೆ ಕರೆಂಟು ಮತ್ತೆ ಮತ್ತೆ ಹೋಗುವಾಗ, ಈ ವರ್ಷದ ಬ್ಯಾಟರಿ ಹೋದ ವರ್ಷದಷ್ಟೇ ಹೊತ್ತು ತಡೆಯುತ್ತಿದೆಯೇ ಎಂದು ಅವರು ಹೋಲಿಸಿ ನೋಡುತ್ತಾರೆ. ಅದಕ್ಕೆ ಗಂಟೆಯ ಕನಿಷ್ಠ ಮೌಲ್ಯ ಸಾಕು; ಅದು ಟ್ರೆಂಡ್ಸ್‌ನಲ್ಲಿದೆ. ಆದುದರಿಂದ ಆ ಐಟಂಗಳ ಟ್ರೆಂಡ್ಸ್ ಅವಧಿಯನ್ನು 365ರಿಂದ 730 ದಿನಕ್ಕೆ ಏರಿಸಿ, ಹಿಸ್ಟರಿಯನ್ನು ನಿಶ್ಚಿಂತೆಯಿಂದ ಬಿಟ್ಟುಕೊಡಲು ಒಪ್ಪಿದೆವು.

ಪಠ್ಯದ ಮತ್ತು ಲಾಗ್‌ನ ಐಟಂಗಳ ವಿಷಯ ಹಾಗಲ್ಲ. ಅವುಗಳಿಗೆ ಕನಿಷ್ಠ, ಸರಾಸರಿ ಎಂಬುದೇ ಇಲ್ಲವಾದ್ದರಿಂದ ಟ್ರೆಂಡ್ಸ್ ಕೂಡ ಇಲ್ಲ. ಹಿಸ್ಟರಿಯಿಂದ ಹೋದರೆ ಹೋದ ಹಾಗೆಯೇ. ಭಾರತದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ, ಅಂದರೆ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು ಸತತವಾಗಿ 180 ದಿನಗಳ ಕಾಲ ಸುರಕ್ಷಿತವಾಗಿ ಇಟ್ಟುಕೊಳ್ಳಬೇಕು. ನಮ್ಮ ಲಾಗ್‌ಗಳಿಗೆ ಬೇರೆಯೇ ಸರ್ವರ್ ಇದೆಯೆಂದು ನಾನು ನಿಶ್ಚಿಂತನಾಗಿದ್ದೆ. ಆದರೂ ಲಾಗ್ ಐಟಂಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತ ಹೋದಾಗ, ಒಂದು ಹಳೆಯ ಫೈರ್‌ವಾಲ್‌ನ ಲಾಗಿನ್ ದಾಖಲೆಗಳು ಆ ಸರ್ವರಿಗೆ ಹೋಗುತ್ತಲೇ ಇಲ್ಲ, ಅವು ಇರುವುದು ಜ್ಯಾಬಿಕ್ಸ್‌ನ ಹಿಸ್ಟರಿ ಲಾಗ್ ಟೇಬಲಿನಲ್ಲಿ ಮಾತ್ರ ಎಂಬುದು ಸಹೋದ್ಯೋಗಿಯ ಕಣ್ಣಿಗೆ ಬಿತ್ತು. ಎಲ್ಲ ಟೇಬಲ್‌ಗಳಿಗೂ 90 ದಿನ ಎಂದು ಒಂದೇ ಗೆರೆ ಎಳೆದಿದ್ದರೆ ಅವುಗಳ ಅರ್ಧ ಭಾಗ ಅಂದೇ ಹೋಗುತ್ತಿತ್ತು, ಮತ್ತು ಯಾರಾದರೂ ಬಂದು ಕೇಳುವವರೆಗೆ ಹೋದದ್ದು ನಮಗೆ ಗೊತ್ತೂ ಆಗುತ್ತಿರಲಿಲ್ಲ.

ಸಮಸ್ಯೆ ಹುಟ್ಟಿದ್ದು, ಬಗೆಹರಿದದ್ದು ಮುಂತಾದ ಘಟನೆಗಳನ್ನು ದಾಖಲಿಸುವ ಇವೆಂಟ್ಸ್ ಟೇಬಲನ್ನು ಕೈಯಿಂದ ಮುಟ್ಟಬಾರದೆಂದು ಮೊದಲೇ ತೀರ್ಮಾನಿಸಿದ್ದೆವು. ಹಿಸ್ಟರಿ ಟೇಬಲ್‌ಗಳು ಒಂಟಿಯಾಗಿ ನಿಂತವು, ಒಂದು ಟೇಬಲಿನ ಸಾಲನ್ನು ಇನ್ನೊಂದಕ್ಕೆ ಕಟ್ಟುವ ಫಾರಿನ್ ಕೀ ಬಂಧಗಳು ಅವುಗಳಿಗಿಲ್ಲ, ಇವೆಂಟ್ಸ್ ಹಾಗಲ್ಲ. ಅಲ್ಲಿ ಒಂದು ಸಾಲು ಅಳಿಸಿದರೆ ಅದಕ್ಕೆ ಕಟ್ಟಿಕೊಂಡಿರುವ ಸಮಸ್ಯೆಯ ದಾಖಲೆ, ಕಳುಹಿಸಿದ ಎಚ್ಚರಿಕೆಗಳು, ಸಿಬ್ಬಂದಿ ಬರೆದ ಟಿಪ್ಪಣಿಗಳು ಎಲ್ಲವೂ ಅದರ ಹಿಂದೆಯೇ ಹೊರಟುಹೋಗುತ್ತವೆ. ಇನ್ನೂ ಬಗೆಹರಿಯದ ಸಮಸ್ಯೆಯೊಂದು ಆರು ತಿಂಗಳ ಹಿಂದೆ ಆರಂಭವಾಗಿದ್ದರೆ, ಹಳೆಯದೆಂಬ ಕಾರಣಕ್ಕೆ ಅದನ್ನು ಅಳಿಸಿದಾಗ ಸಮಸ್ಯೆ ಪರದೆಯಿಂದ ಮಾಯವಾಗುತ್ತದೆಯೇ ಹೊರತು ಯಂತ್ರ ದುರಸ್ತಿಯಾಗುವುದಿಲ್ಲ. ಹೌಸ್‌ಕೀಪರ್ ಯಾವುದೇ ಸಮಸ್ಯೆಗೆ ಸಂಬಂಧವಿಲ್ಲದ ಇವೆಂಟ್‌ಗಳನ್ನು ಮಾತ್ರ ತೆಗೆಯುತ್ತದೆ. ಆ ವಿವೇಚನೆಯನ್ನು ನಮ್ಮ ಕೈಯಿಂದ ಬರೆದ ಒಂದು ಸಾಲಿಗೆ ಕಲಿಸುವುದು ಸುಲಭವಲ್ಲ.

ಬ್ಯಾಕಪ್ ಬಗ್ಗೆ ಎರಡೇ ಮಾತು. ಸಂರಚನೆಯ ಟೇಬಲ್‌ಗಳು, ಅಂದರೆ ಯಂತ್ರಗಳ ಪಟ್ಟಿ, ಟೆಂಪ್ಲೇಟ್‌ಗಳು, ಬಳಕೆದಾರರು, ಎಲ್ಲ ಸೇರಿದರೂ ಚಿಕ್ಕವು. ಹಿಸ್ಟರಿ ಮತ್ತು ಟ್ರೆಂಡ್ಸ್ ಬಿಟ್ಟು ಅವುಗಳದೇ ಬೇರೆ ಡಂಪ್, ಅಂದರೆ ಪೂರ್ಣ ನಕಲು, ತೆಗೆದು, ಬೇರೆ ಯಂತ್ರದ ಮೇಲೆ ಮರುಸ್ಥಾಪಿಸಿ, ಜ್ಯಾಬಿಕ್ಸ್ ಅದರ ಮೇಲೆ ಎದ್ದು ನಿಲ್ಲುತ್ತದೆಯೇ ಎಂದು ನೋಡಿದೆವು. ಮರುಸ್ಥಾಪಿಸಿ ನೋಡದ ಬ್ಯಾಕಪ್ ಇದೆ ಎಂದು ಹೇಳುವುದನ್ನು ನಾನು ನಮ್ಮ ತಂಡದಲ್ಲಿ ಒಪ್ಪುವುದಿಲ್ಲ.

ಮತ್ತೆ, ದಿನಾಂಕದ ಲೆಕ್ಕ. ಕ್ಲಾಕ್ ಎಂಬ ಅಂಕಣದಲ್ಲಿರುವುದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. 2024ರ ಜನವರಿ 1ರ ನಡುರಾತ್ರಿ 12 ಗಂಟೆ ಎಂದರೆ ಭಾರತೀಯ ಕಾಲಮಾನದಲ್ಲಿ 1704047400. ಅದೇ ಮಾತನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಕಾಲದಲ್ಲಿ, ಲೆಕ್ಕ ಹಾಕಿದರೆ 1704067200. ವ್ಯತ್ಯಾಸ 19,800 ಸೆಕೆಂಡು, ಅಂದರೆ ಐದೂವರೆ ಗಂಟೆ. ದಿನಾಂಕವನ್ನು ಸಂಖ್ಯೆಯಾಗಿ ಬದಲಿಸುವ ಮೈಎಸ್‌ಕ್ಯೂಎಲ್ ಕಾರ್ಯ ಆ ಸೆಷನ್ನಿನ ಕಾಲವಲಯವನ್ನು ನೋಡಿಕೊಂಡು ಲೆಕ್ಕ ಮಾಡುತ್ತದೆ. ನಮ್ಮ ಸರ್ವರ್ ಯುಟಿಸಿಯಲ್ಲಿದೆ, ನಮ್ಮ ಲ್ಯಾಪ್‌ಟಾಪ್‌ಗಳು ಇಲ್ಲಿಯ ಕಾಲದಲ್ಲಿವೆ. ಆದುದರಿಂದ ನಾವು ಸಂಖ್ಯೆಯನ್ನು ಮೊದಲು ಕಾಗದದ ಮೇಲೆ ಬರೆದು, ಅದನ್ನು ಮತ್ತೆ ದಿನಾಂಕವಾಗಿ ತಿರುಗಿಸಿ ನೋಡಿ, ಅದೇ ಷರತ್ತಿನಿಂದ ಒಂದು ಐಟಂನ ಸಾಲುಗಳನ್ನು ಎಣಿಸಿ, ಬಂದ ಉತ್ತರ ನಮ್ಮ ಬಾಯಿಲೆಕ್ಕಕ್ಕೆ ಹೊಂದಿದ ಮೇಲಷ್ಟೇ ಮುಂದಿನ ಹೆಜ್ಜೆ ಇಟ್ಟೆವು.

ಕೈಯಿಂದ ಅಳಿಸಿದ್ದು 40 ಜಿಬಿಯ ಪಠ್ಯದ ಟೇಬಲಿನಲ್ಲಿ ಮಾತ್ರ. ಅಲ್ಲಿ ಯಾರಿಗೂ ಬೇಡವೆಂದು ಖಚಿತವಾದ ಐಟಂಗಳ ಪಟ್ಟಿ ಮಾಡಿ, ಒಂದೊಂದು ಐಟಂಗೂ ಒಮ್ಮೆಗೆ 5,000 ಸಾಲುಗಳ ಮಿತಿ ಹಾಕಿ, ಪ್ರತಿ ತುಂಡಿನ ನಂತರ ಒಂದು ಸೆಕೆಂಡು ನಿಲ್ಲುವ ಚಿಕ್ಕ ಸ್ಕ್ರಿಪ್ಟನ್ನು ಸಹೋದ್ಯೋಗಿಯೇ ಬರೆದರು. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಎರಡು ಷರತ್ತುಗಳು: ಪ್ರತಿರೂಪ ಸರ್ವರ್ 30 ಸೆಕೆಂಡಿಗಿಂತ ಹಿಂದೆ ಬಿದ್ದರೆ, ಇಲ್ಲವೇ ಹೊಸ ಮೌಲ್ಯಗಳು ಟೇಬಲಿಗೆ ಸೇರುವ ಮುನ್ನ ಕಾಯುವ ಜ್ಯಾಬಿಕ್ಸ್‌ನ ಹಿಸ್ಟರಿ ಕ್ಯಾಶ್‌ನಲ್ಲಿ ಖಾಲಿ ಜಾಗ ಶೇ. 80ಕ್ಕಿಂತ ಕೆಳಗಿಳಿದರೆ ಸ್ಕ್ರಿಪ್ಟ್ ತಾನಾಗಿ ಕಾಯುತ್ತದೆ. ಪ್ರತಿ ತುಂಡೂ ತನ್ನಷ್ಟಕ್ಕೆ ಪೂರ್ಣವಾದ್ದರಿಂದ ಯಾವ ಕ್ಷಣದಲ್ಲಿ ನಿಲ್ಲಿಸಿದರೂ ಹಿಂತಿರುಗಿಸಬೇಕಾದದ್ದು ಹೆಚ್ಚೆಂದರೆ 5,000 ಸಾಲು. ಅಂದಿನ ನನ್ನ ರಾತ್ರಿಯನ್ನು ನೆನೆದುಕೊಂಡು ಆ ಸ್ಕ್ರಿಪ್ಟ್ ಓಡುವುದನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಇಷ್ಟಾದರೂ ಡಿಸ್ಕಿನ ಲೆಕ್ಕ ಬದಲಾಗಲಿಲ್ಲ. ಅದನ್ನು ಮೊದಲೇ ಹೇಳಿದ್ದೆ. ಬೀರುವಿನಿಂದ ಬಟ್ಟೆ ತೆಗೆದರೆ ಬೀರು ಚಿಕ್ಕದಾಗುವುದಿಲ್ಲ. ಅಳಿಸಿದ ಸಾಲುಗಳ ಜಾಗ ಅದೇ ಟೇಬಲಿನ ಮುಂದಿನ ಸಾಲುಗಳಿಗೆ ಸಿಗುತ್ತದೆಯೇ ಹೊರತು ಆಪರೇಟಿಂಗ್ ಸಿಸ್ಟಮಿಗೆ ಹಿಂದಿರುಗುವುದಿಲ್ಲ. ಹಿಂದಿರುಗಬೇಕಾದರೆ ಟೇಬಲನ್ನು ಹೊಸದಾಗಿ ಕಟ್ಟಬೇಕು. ಆಪ್ಟಿಮೈಸ್ ಆದೇಶ ಮಾಡುವುದು ಅದನ್ನೇ, ಮತ್ತು ಅದು ಮುಗಿಯುವವರೆಗೆ ಹಳೆಯದೂ ಹೊಸದೂ ಎರಡೂ ಡಿಸ್ಕಿನಲ್ಲಿರುತ್ತವೆ. ಪಠ್ಯದ ಟೇಬಲಿಗೆ ಅದು ಸಾಧ್ಯವಿತ್ತು, ಮಾಡಿದೆವು. 520 ಜಿಬಿ ಇದ್ದ ಪೂರ್ಣಾಂಕಗಳ ಟೇಬಲಿಗೆ ಬೇರೆ ದಾರಿ ಬೇಕಿತ್ತು.

ನಮ್ಮ ಜ್ಯಾಬಿಕ್ಸ್ ಹಳೆಯ ಆವೃತ್ತಿಯಿಂದ ಮೇಲೇರುತ್ತ ಬಂದದ್ದು. 2022ರಲ್ಲಿ ಬಂದ 6.0ರಿಂದ ಹೊಸದಾಗಿ ಸ್ಥಾಪಿಸಿದವರಿಗೆ ಹಿಸ್ಟರಿ ಟೇಬಲ್‌ಗಳಲ್ಲಿ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಅಂಕಣಗಳ ಗುಂಪು, ಇರುತ್ತದೆ. ಮೇಲೇರಿ ಬಂದವರು ಅದನ್ನು ತಾವೇ ಮಾಡಿಕೊಳ್ಳಬೇಕು. ಹಳೆಯ ಟೇಬಲಿನ ಹೆಸರು ಬದಲಿಸಿ, ಪ್ರೈಮರಿ ಕೀ ಇರುವ ಹೊಸ ಖಾಲಿ ಟೇಬಲನ್ನು ಅದರ ಜಾಗದಲ್ಲಿಟ್ಟು, ಬೇಕಾದ ದತ್ತಾಂಶವನ್ನು ನಿಧಾನವಾಗಿ ಅದರೊಳಗೆ ತರುವ ವಿಧಾನವನ್ನು ಜ್ಯಾಬಿಕ್ಸ್ ಕೈಪಿಡಿಯೇ ವಿವರಿಸುತ್ತದೆ. ನಾವು ಅದೇ ದಾರಿ ಹಿಡಿದು, ಜೊತೆಗೆ ಹೊಸ ಟೇಬಲನ್ನು ದಿನಕ್ಕೊಂದು ಪಾರ್ಟಿಷನ್, ಅಂದರೆ ಇಡಿಯಾಗಿ ತೆಗೆದುಹಾಕಬಹುದಾದ ತುಂಡು, ಇರುವಂತೆ ಕಟ್ಟಿದೆವು. ಪಾರ್ಟಿಷನ್ ಯಾವ ಅಂಕಣದ ಮೇಲೆ ನಿಂತಿದೆಯೋ ಆ ಅಂಕಣ ಪ್ರೈಮರಿ ಕೀಯಲ್ಲಿ ಇರಲೇಬೇಕೆಂಬುದು ಮೈಎಸ್‌ಕ್ಯೂಎಲ್ ನಿಯಮ. ಕ್ಲಾಕ್ ಅದರಲ್ಲಿ ಇದೆ. ಫಾರಿನ್ ಕೀ ಇರುವ ಟೇಬಲನ್ನು ಹಾಗೆ ವಿಭಜಿಸಲು ಬರುವುದಿಲ್ಲ. ಹಿಸ್ಟರಿಗೆ ಆ ತೊಡಕಿಲ್ಲ.

ಬುಧವಾರ ರಾತ್ರಿ ಜ್ಯಾಬಿಕ್ಸ್ ಸರ್ವರನ್ನು ಆರು ನಿಮಿಷ ನಿಲ್ಲಿಸಿ, ಹೆಸರು ಬದಲಿಸಿ, ಮತ್ತೆ ಆರಂಭಿಸಿದೆವು. ಆ ಆರು ನಿಮಿಷ ನಾವು ಕುರುಡರಾಗಿರುತ್ತೇವೆಂದು ಗ್ರಾಹಕರಿಗೆ ಹಿಂದಿನ ದಿನವೇ ತಿಳಿಸಿ, ಮುಖ್ಯವಾದ ನಾಲ್ಕು ಯಂತ್ರಗಳನ್ನು ಬೇರೊಂದು ಕಂಪ್ಯೂಟರಿನಿಂದ ಪಿಂಗ್ ಮಾಡುತ್ತ ಒಬ್ಬರು ಕುಳಿತಿದ್ದರು. ಅದಾದ ಮೇಲೆ ಮೂರು ರಾತ್ರಿ, ಒಂದೊಂದೇ ಐಟಂ ಹಿಡಿದು, ಕೊನೆಯ 90 ದಿನಗಳ ದತ್ತಾಂಶ ಹಳೆಯ ಟೇಬಲಿನಿಂದ ಹೊಸದಕ್ಕೆ ಸಾಗಿತು. ಆ ಅವಧಿಯಲ್ಲಿ ಕೆಲವು ಗ್ರಾಫ್‌ಗಳು ಅಲ್ಲಲ್ಲಿ ಖಾಲಿ ಕಾಣುತ್ತವೆಂದು ಎಲ್ಲರಿಗೂ ಹೇಳಿದ್ದರಿಂದ ಯಾರೂ ಗಾಬರಿಯಾಗಲಿಲ್ಲ.

ಪಾರ್ಟಿಷನ್ ಮಾಡಿದ ಮೇಲೆ ಎರಡು ವಿಷಯ ಮರೆಯಬಾರದು. ಹೌಸ್‌ಕೀಪರ್‌ಗೆ ಹಿಸ್ಟರಿಯ ಕೆಲಸವನ್ನು ಬಿಡಿಸಬೇಕು, ಇಲ್ಲದಿದ್ದರೆ ಇಡೀ ದಿನದ ತುಂಡನ್ನು ನಾವು ತೆಗೆಯುವ ಮೊದಲೇ ಅದು ಸಾಲುಸಾಲಾಗಿ ಅಳಿಸುತ್ತ ವೃಥಾ ದಣಿಯುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ: ನಾಳೆಯ ಪಾರ್ಟಿಷನ್ ಇಂದೇ ಇರಬೇಕು. ಅದು ಇಲ್ಲದಿದ್ದರೆ ನಡುರಾತ್ರಿ ಕಳೆದ ಮೊದಲ ಸೆಕೆಂಡಿನಿಂದಲೇ ಹೊಸ ಸಾಲುಗಳನ್ನು ಡೇಟಾಬೇಸ್ ತಿರಸ್ಕರಿಸುತ್ತದೆ. ಆದುದರಿಂದ ನಮ್ಮ ಸ್ಕ್ರಿಪ್ಟ್ ಮುಂದಿನ 14 ದಿನಗಳ ಪಾರ್ಟಿಷನ್‌ಗಳನ್ನು ಸದಾ ಸಿದ್ಧವಾಗಿ ಇಡುತ್ತದೆ. ಆ ಸಂಖ್ಯೆ 7ಕ್ಕಿಂತ ಕೆಳಗಿಳಿದರೆ ಜ್ಯಾಬಿಕ್ಸ್‌ನಿಂದಲೇ ನಮ್ಮಿಬ್ಬರ ಫೋನಿಗೂ ಎಚ್ಚರಿಕೆ ಬರುತ್ತದೆ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೂ ಕಥೆ ಬಹುಮಟ್ಟಿಗೆ ಇದೇ. ಅಲ್ಲಿ ಅಳಿಸಿದ ಸಾಲುಗಳು ಸತ್ತ ಸಾಲುಗಳಾಗಿ ಉಳಿದು, ವ್ಯಾಕ್ಯೂಮ್ ಎಂಬ ಶುಚಿಕಾರ್ಯ ಆದ ಮೇಲೆ ಮರುಬಳಕೆಗೆ ಸಿಗುತ್ತವೆ. ಡಿಸ್ಕಿಗೆ ಜಾಗ ಹಿಂದಿರುಗಿಸುವ ವ್ಯಾಕ್ಯೂಮ್ ಫುಲ್ ಇಡೀ ಟೇಬಲಿಗೆ ಬೀಗ ಹಾಕಿ ಹೊಸ ಪ್ರತಿ ಬರೆಯುತ್ತದೆ. ಅದಕ್ಕೆ ಟೈಮ್‌ಸ್ಕೇಲ್ ಎಂಬ ವಿಸ್ತರಣೆ ಸೇರಿಸಿಕೊಂಡರೆ ಹಳೆಯ ದತ್ತಾಂಶವನ್ನು ತುಂಡುತುಂಡಾಗಿಯೇ ಬಿಡಬಹುದು. ಪ್ರೊಮಿಥಿಯಸ್ ಎಂಬ ಇನ್ನೊಂದು ನಿಗಾ ತಂತ್ರಾಂಶವಂತೂ ದತ್ತಾಂಶವನ್ನು ಕಾಲದ ಬ್ಲಾಕ್‌ಗಳಾಗಿಯೇ ಇಟ್ಟು, ಅವಧಿ ಮೀರಿದ ಇಡೀ ಬ್ಲಾಕನ್ನು ತೆಗೆಯುತ್ತದೆ. ಅಲ್ಲಿಯ ಮೂಲ ಅವಧಿ 15 ದಿನ.

ನಕಲು ಮುಗಿದ ಮೇಲೆ ನಾವು ಹಳೆಯ ಟೇಬಲನ್ನು ಇನ್ನೂ ಐದು ದಿನ ಇಟ್ಟುಕೊಂಡಿದ್ದೆವು. ಪ್ರತಿ ಬೆಳಿಗ್ಗೆ ಸಹೋದ್ಯೋಗಿ ಇಪ್ಪತ್ತು ಐಟಂಗಳನ್ನು ಮನಸ್ಸಿಗೆ ಬಂದಂತೆ ಆರಿಸಿ, ಎರಡೂ ಟೇಬಲ್‌ಗಳಲ್ಲಿ ಸಾಲುಗಳ ಸಂಖ್ಯೆ ಒಂದೇ ಇದೆಯೇ ಎಂದು ಎಣಿಸಿ, ಒಂದು ಪುಟದಲ್ಲಿ ಬರೆದಿಡುತ್ತಿದ್ದರು. ಯುಪಿಎಸ್ ನೋಡಿಕೊಳ್ಳುವವರು ಬಂದು ತಮ್ಮ ವರ್ಷದ ಗ್ರಾಫ್ ತೆರೆದು ನೋಡಿ ತಲೆಯಾಡಿಸಿ ಹೋದರು. ಆರನೆಯ ರಾತ್ರಿ ಡ್ರಾಪ್ ಆದೇಶವನ್ನು ಸಹೋದ್ಯೋಗಿಯೇ ಬರೆದರು, ನಾನು ಟೇಬಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದೆ, ಅವರು ಎಂಟರ್ ಒತ್ತಿದರು. ಡಿಸ್ಕ್ ಶೇ. 37ಕ್ಕೆ ಇಳಿಯಿತು. ಅಂದಿನಿಂದ ಪ್ರತಿ ರಾತ್ರಿ 1 ಗಂಟೆಗೆ 91ನೆಯ ದಿನದ ಪಾರ್ಟಿಷನ್ ಒಂದು ಸೆಕೆಂಡಿನೊಳಗೆ ಹೋಗುತ್ತದೆ. ಅಂಡೂ ಉಬ್ಬುವುದಿಲ್ಲ, ಬೈನರಿ ಲಾಗ್‌ಗೆ ಒಂದೇ ಒಂದು ಸಾಲು ಸೇರುತ್ತದೆ, ಜಾಗ ಅದೇ ಕ್ಷಣ ಹಿಂದಿರುಗುತ್ತದೆ.

ಆ ಹಳೆಯ ಫೈರ್‌ವಾಲ್‌ನ ಲಾಗಿನ್ ದಾಖಲೆಗಳು ಈಗ ಲಾಗ್ ಸರ್ವರಿಗೂ ಹೋಗುತ್ತಿವೆ. ಅಲ್ಲಿ 180 ದಿನ ತುಂಬುವ ದಿನಾಂಕವನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದ್ದೇವೆ. ಅಲ್ಲಿಯವರೆಗೆ ಹಿಸ್ಟರಿ ಲಾಗ್ ಟೇಬಲಿನ ಒಂದು ಸಾಲನ್ನೂ ಮುಟ್ಟುವುದಿಲ್ಲ.